ಐದನೆಯ ವಿಮಾನ

ಹೆಲ್ಸಿಂಕಿಯ ದಾಖಲೆ ಭಂಡಾರದಲ್ಲಿ ಕಾಫಿಯ ಸಾಲಿನಲ್ಲಿ ನಿಂತಿದ್ದ ಇರ್ಮೆಲಿಯ ಮುಂದೆ ವಯಸ್ಸಾದ ಅಕ್ಕತಂಗಿಯರಿಬ್ಬರಿದ್ದರು. ಅಕ್ಕನ ಕೈಯಲ್ಲಿ ಯುದ್ಧಕಾಲದ ರಷ್ಯನ್ ದಾಖಲೆಯ ನಕಲಿತ್ತು. ಇರ್ಮೆಲಿಗೆ ಕೇಳಿಸಿಕೊಳ್ಳದೆ ಇರಲಾಗಲಿಲ್ಲ.

"ಅಪ್ಪ ತಮ್ಮ ವಿಮಾನದಿಂದ ರಷ್ಯಾದ ಐದು ವಿಮಾನ ಹೊಡೆದು ಬೀಳಿಸಿದ್ರು ಅಂತ ನಮ್ಮವರ ಪಟ್ಟೀಲಿದೆ. ರಷ್ಯಾದವರ ಲೆಕ್ಕದಲ್ಲಿ ಬಿದ್ದಿದ್ದು ನಾಲ್ಕೇ."

"ಐದನೇದು?"

"ಹೊಗೆ ಬಿಡ್ತಾ ಮೋಡದೊಳಗೆ ಹೋಯ್ತು ಅಂತ ಅಪ್ಪ ಹೇಳ್ತಿದ್ರಲ್ಲ, ಅದು ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದಿದೆ. ಆ ಪೈಲಟ್ ವಾರದೊಳಗೆ ಮತ್ತೆ ಹಾರಿದಾನೆ."

"ಅಪ್ಪನಿಗೆ ಮುಖ ಕಂಡಿದ್ದು ಅವನೊಬ್ಬನದೇ ಅಲ್ವೇನೇ ಅಕ್ಕ?"

"ಅವನೇ."

"ಸಾಯೋ ತನಕ ಅಪ್ಪ ಪ್ರತಿ ಕ್ರಿಸ್ಮಸ್‌ಗೂ ಸ್ಮಶಾನಕ್ಕೆ ಹೋಗಿ, ಪರಸ್ಥಳದಲ್ಲಿ ಮಣ್ಣಾದವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಮುಂದೆ ಅವನಿಗೆ ಮೇಣದಬತ್ತಿ ಹಚ್ತಿದ್ರು. ಆಮೇಲೆ ನಾನೂ ಹಚ್ತಾ ಬಂದೆ."

"ಪಾಪ, ಬದುಕಿದ್ದೋನನ್ನ ವರ್ಷವರ್ಷ ಸಾಯಿಸಿದೀಯ."

ತಂಗಿ ನಕ್ಕಳು, ಕಣ್ಣೊರೆಸಿಕೊಂಡಳು.

"ಇದು ಅಪ್ಪನಿಗೆ ಗೊತ್ತಾಗಿದ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರು. ಸರಿ, ಈ ವರ್ಷ ಬತ್ತಿ ತರೋದು ಬೇಡ ಬಿಡು."

ಅಕ್ಕ ಕಾಗದ ತಿರುಗಿಸಿದಳು.

"ಉಳಿದ ನಾಲ್ವರು ಸತ್ತಿದ್ದು ನಿಜ ಕಣೇ. ಹೆಸರು, ವಯಸ್ಸು ಎಲ್ಲಾ ಇದೆ. ಅವರಿಗೆ ನಾವು ಒಂದೂ ಹಚ್ಚಲಿಲ್ಲ."

ತಂಗಿ ಕಾಗದದಲ್ಲಿದ್ದ ಹೆಸರುಗಳ ಮೇಲೆ ಬೆರಳಾಡಿಸಿದಳು.

"ನಾಲ್ಕು ತರ್ತೀನಿ."

ಕಾಫಿ ಹಿಡಿದುಕೊಂಡು ಇಬ್ಬರೂ ಕಿಟಕಿಯ ಕಡೆ ನಡೆದರು.