ಸ್ಮಶಾನವಿಲ್ಲದ ಊರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪಂಚಾಯಿತಿ ಅಧ್ಯಕ್ಷೆ ಶ್ರೀಮತಿ ಭಾನುಪ್ರಿಯಾ ಅವರೇ, ಚಿಂತಾಮಣಿಯಿಂದ ಬಂದಿರುವ ಮುಖ್ಯ ಅತಿಥಿಗಳೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ನನ್ನ ಸಭಿಕರೇ,

ನಮ್ಮೂರು ಪ್ರತ್ಯೇಕ ಪಂಚಾಯಿತಿಯಾಗಿ ವರ್ಷ ತುಂಬಿದ ಸಂತೋಷಕ್ಕೆ, ಊರಿನ ಭೂಗೋಳ, ಹುಟ್ಟು, ಜನಸಂಖ್ಯೆ ಕುರಿತು ನಾಲ್ಕು ಮಾತಾಡಿ ಎಂದು ನನಗೆ ಹೇಳಿದ್ದಾರೆ. ಸ್ಟೇಷನ್ ಎದುರು ಹೋಟೆಲು ಇಟ್ಟವನಿಗೆ ಮಾತಾಡುವುದನ್ನು ಕಲಿಸಬೇಕೇ? ನಿಲ್ಲಿಸುವುದನ್ನು ಕಲಿಸಬೇಕು, ಅಷ್ಟೆ.

ಭೂಗೋಳ ಸುಲಭ. ಶಿಡ್ಲಘಟ್ಟ ಬಿಟ್ಟ ರೈಲು ಚಿಂತಾಮಣಿ ಸೇರುವ ಮೊದಲು ಒಂದು ಕಡೆ ನಿಂತು ಉಸಿರು ಬಿಡುತ್ತದಲ್ಲ, ಅದೇ ನಾವು. ಹಳಿಯ ಈಚೆ ಅಂಗಡಿ ಬೀದಿ, ಆಚೆ ಹಿಪ್ಪುನೇರಳೆ ತೋಟ, ಬೆನ್ನಿಗೆ ಬೋಳುಗುಡ್ಡ. ಹೆಸರು ಕಲ್ಲಬಾವಿ ರೋಡ್. ಕಲ್ಲಬಾವಿ ಇರುವುದು ಗುಡ್ಡದಾಚೆ. ನಾವು ಬರೀ ರೋಡು.

ಹುಟ್ಟಿನ ಕಥೆಯೂ ಅಂಥದ್ದೇ. ಸಣ್ಣ ರೈಲಿನ ಕಾಲದಲ್ಲಿ ಇಂಜಿನ್ನು ನೀರು ಕುಡಿಯಲು ಇಲ್ಲಿ ನಿಲ್ಲುತ್ತಿತ್ತು. ಅದು ನೀರು ಕುಡಿಯುವಷ್ಟರಲ್ಲಿ ಜನ ಕಾಫಿ ಕುಡಿಯಲಿ ಎಂದು ನಮ್ಮ ತಾತ ಕೆಂಚಾರ್ಲಹಳ್ಳಿಯಿಂದ ಬಂದು ಒಲೆ ಹೂಡಿದರು. ಹಳಿಯ ಕೆಲಸಕ್ಕೆ ತೆಲುಗಿನವರು ಬಂದರು, ರೇಷ್ಮೆಗೂಡಿನ ವ್ಯಾಪಾರಕ್ಕೆ ಉರ್ದು ಮಾತಿನವರು ಬಂದರು. ಎಲ್ಲರೂ ಬಂದವರೇ. ಇವತ್ತಿಗೂ ಇಲ್ಲೇ ಹುಟ್ಟಿದ ಮಗುವನ್ನು ‘ಸ್ವಂತ ಊರು ಯಾವುದಪ್ಪ’ ಎಂದು ಕೇಳಿ ನೋಡಿ, ಬೇರೆ ಊರಿನ ಹೆಸರನ್ನೇ ಹೇಳುತ್ತದೆ.

ಇನ್ನು ಜನಸಂಖ್ಯೆ. ನಮ್ಮೂರಿನಲ್ಲಿ ಜನ ಹುಟ್ಟುತ್ತಾರೆ, ಸಾಯುವುದಿಲ್ಲ. ನಗಬೇಡಿ, ಸ್ಮಶಾನ ಎಲ್ಲಿದೆ ತೋರಿಸಿ ನೋಡೋಣ? ಯಾರೇ ತೀರಿಕೊಂಡರೂ ಟೆಂಪೋದಲ್ಲಿ ಸ್ವಂತ ಊರಿಗೆ ಒಯ್ದು ಮಣ್ಣು ಮಾಡುವುದು ನಮ್ಮ ಪದ್ಧತಿ.

ಹೋದ ವರ್ಷ ನಮ್ಮಮ್ಮ ಚಿಕ್ಕವೆಂಕಟಮ್ಮನನ್ನೂ ಹಾಗೆಯೇ ಕೆಂಚಾರ್ಲಹಳ್ಳಿಗೆ ಒಯ್ದೆವು. ಈ ಬೀದಿಯಲ್ಲಿ ಆಕೆಯ ಕೈಯ ಕಾಫಿ ಕುಡಿಯದವರು ಯಾರಿದ್ದೀರಿ? ಅಲ್ಲಿ ಗುಂಡಿ ತೆಗೆಯುತ್ತಿದ್ದವರೊಬ್ಬರು ಕೇಳಿದರು: “ಎವುರಪ್ಪಾ ಈಯಮ್ಮ?” ಈಕೆ ಯಾರು ಎಂದು. ತಪ್ಪು ಅವರದಲ್ಲ, ಅವರು ಆಕೆಯನ್ನು ನೋಡಿಯೇ ಇರಲಿಲ್ಲ. ಆದರೂ ನನಗೆ ಸಂಕಟವಾಯಿತು. ಗುರುತಿಲ್ಲದವರ ಮನೆಯಲ್ಲಿ ಅಮ್ಮನೊಬ್ಬಳನ್ನೇ ಬಿಟ್ಟು ಬಂದ ಹಾಗಾಯಿತು.

ಸ್ಟೇಷನ್ ಹಿಂದಿನ ಜಾಗದಲ್ಲಿ ಕಲ್ಯಾಣಮಂಟಪ ಕಟ್ಟುವುದಾಗಿ ಅಧ್ಯಕ್ಷರು ಈಗ ಘೋಷಿಸಲಿದ್ದಾರೆ. ದಯವಿಟ್ಟು ಘೋಷಿಸಬೇಡಿ ಅಮ್ಮ. ಆ ಜಾಗವನ್ನು ಸ್ಮಶಾನಕ್ಕೆ ಬಿಡಿ. ತಾಳಿ ಕಟ್ಟುವುದಕ್ಕೆ ಚಿಂತಾಮಣಿಯಲ್ಲಿ ಮಂಟಪಗಳಿಗೆ ಬರವೇ?

ಶುಭ ಸಮಾರಂಭದಲ್ಲಿ ಇದೇನು ಮಾತು ಎಂದು ಮುಂದಿನ ಸಾಲಿನಿಂದ ನನ್ನ ಹೆಂಡತಿ ವರಲಕ್ಷ್ಮಮ್ಮ ಕಣ್ಣು ಬಿಡುತ್ತಿದ್ದಾಳೆ. ಹೋದ ವಾರ ಆಸ್ಪತ್ರೆಯಿಂದ ರೈಲಿನಲ್ಲಿ ಬರುವಾಗ ಹೇಳಿದವಳು ಇವಳೇ: “ನನ್ನ ಆ ಊರ್ಗೆ ತಗೊಂಡು ಹೋಗ್ಬೇಡಿ ಕಣ್ರಿ. ಅಲ್ಲಿ ನನ್ಗೆ ಯಾರ್ ಗೊತ್ತು? ಇಲ್ಲೇ ಎಲ್ಲಾದ್ರೂ ಮಲಗ್ಸಿ. ರೈಲ್ ಸದ್ದಾದ್ರೂ ಕೇಳ್ತದೆ.”

ಡಾಕ್ಟರು ಏನೆಂದರು ಎಂಬುದು ಭಾಷಣದ ವಿಷಯವಲ್ಲ. ಇಷ್ಟನ್ನೂ ಹೇಳಬಾರದೆಂದೇ ಮನೆಯಿಂದ ಹೊರಟಿದ್ದೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಋಣಿಯಾಗಿದ್ದೇನೆ. ಅಧ್ಯಕ್ಷರೇ, ನಿಮ್ಮಲ್ಲಿ ಬೇಡುವುದು ಒಂದೇ. ಎಂದಾದರೂ ಈ ಊರಿನ ಜನಸಂಖ್ಯೆ ಎಣಿಸುವಾಗ ಇವಳನ್ನು ಕಳೆಯಬೇಡಿ. ನಮಸ್ಕಾರ.