ಎತ್ತು ನೀರು ಕುಡದ್ವೇನು?

ನೋಡಿ, ಒಂದೂರಲ್ಲಿ ಒಬ್ಬ ಜವಳಿ ಸಾಹುಕಾರ ಇದ್ದ. ಊರಿನ ಅರ್ಧ ಜನ ಮದುವೆ ಸೀರೆ ತರುತ್ತಿದ್ದುದು ಅವನ ಅಂಗಡಿಯಿಂದಲೇ. ಇಷ್ಟೆಲ್ಲ ಇದ್ದವನಿಗೆ ಒಂದೇ ನಾಚಿಕೆ, ಅವನ ಹಿರಿಯ ಮಗಳು. ಅವಳು ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಮಿಕ್ಸರ್ ಸದ್ದಾದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಸರಿಯುತ್ತಿದ್ದಳು. ಆಡಿದ ಮಾತನ್ನೇ ಮತ್ತೆ ಆಡುತ್ತಿದ್ದಳು. ಡಾಕ್ಟರು ಅದಕ್ಕೆ ಆಟಿಸಂ ಅಂದರು. ಊರವರು ಬೇರೆ ಹೆಸರಿಟ್ಟರು. ಆ ಹೆಸರು ನಿಮಗೂ ಗೊತ್ತು, ನಾನು ಇಲ್ಲಿ ಕೂತು ಹೇಳುವುದಿಲ್ಲ.

ಅದೇ ಮನೆಯಲ್ಲಿ ಸಾಹುಕಾರನ ತಾಯಿ ಇದ್ದಳು. ಮುದುಕಿಗೆ ನೆನಪು ಹೋಗಿತ್ತು. ಎಂದೋ ಮಾರಿದ ಎತ್ತುಗಳು ಹಿತ್ತಲಲ್ಲೇ ಇವೆ ಎಂದು ತಿಳಿದು, ಬೆಳಗಿನಿಂದ ಬೈಗಿನವರೆಗೆ ಒಂದೇ ಪ್ರಶ್ನೆ ಕೇಳುವಳು: "ಎತ್ತು ನೀರು ಕುಡದ್ವೇನು?" ಸೊಸೆ ಸಿಡುಕುವಳು. ಮಗ ಅಂಗಡಿಗೆ ಜಾರಿಕೊಳ್ಳುವನು. ಆ ಹಿರಿಯ ಮಗಳೊಬ್ಬಳೇ ಪ್ರತಿ ಸಲವೂ ಅದೇ ದನಿಯಲ್ಲಿ, "ಕುಡದ್ವು ಆಯಿ" ಎಂದು ಅಜ್ಜಿಗೆ ಹೇಳುವಳು. ನಮಗೆ ಬೇಸರ ತರುವ ಮಾತು ಆ ಹುಡುಗಿಗೆ ನೆಮ್ಮದಿ. ಅದನ್ನು ಕೇಳಿದ ಮೇಲೆ ಮುದುಕಿ ಸಮಾಧಾನದಿಂದ ಉಣ್ಣುವಳು.

ಕಿರಿಯ ಮಗಳಿಗೆ ಸಂಬಂಧ ಕೂಡಿಬಂತು. ಸಾಹುಕಾರ ಏನು ಮಾಡಿದ? ನಾವೆಲ್ಲ ಮಾಡುವುದನ್ನೇ ಮಾಡಿದ. ಬೀಗರ ಕಣ್ಣಿಗೆ ಬಿದ್ದರೆ ಸಂಬಂಧ ಮುರಿದೀತು ಎಂದು, ಮದುವೆ ಮುಗಿಯುವವರೆಗೆ ಹಿರಿಯ ಮಗಳನ್ನು ಹೆಂಡತಿಯ ತವರಿಗೆ ಕಳಿಸಿಬಿಟ್ಟ.

ಮರುದಿನ ಮುದುಕಿ ಕೇಳಿದಳು. ಸೊಸೆ, "ಎತ್ತು ಎಲ್ಲಿ ಅದಾವ ಅತ್ತಿ? ಮಾರಿ ಎಷ್ಟ ವರ್ಷ ಆತು" ಎಂದಳು. ಮಾತು ನಿಜ. ಆದರೆ ಮುದುಕಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ, ಪ್ರತಿ ಸಲವೂ ಹೊಸ ದುಃಖ. ಒಂದು ಮಧ್ಯಾಹ್ನ ತಾನೇ ನೀರು ಕುಡಿಸುತ್ತೇನೆಂದು ಬಕೆಟ್ ಹಿಡಿದು ಹಿತ್ತಲಿಗೆ ಹೋದವಳು ಕಲ್ಲಿನ ಮೇಲೆ ಜಾರಿ ಬಿದ್ದಳು. ಹಾಸಿಗೆ ಹಿಡಿದ ತಾಯಿಯ ಬಳಿ ಕೂತು ಸಾಹುಕಾರ, "ಕುಡದ್ವು ಅವ್ವ, ಕುಡದ್ವು" ಎಂದ. ಅವಳಿಗೆ ಬೇಕಾದ ದನಿ ಅದಲ್ಲ. ಮುಖ ತಿರುಗಿಸಿದಳು. ಹಾಗೇ ಹೋಗಿಬಿಟ್ಟಳು.

ಮಣ್ಣಿಗೆ ಬೀಗರು ಬಂದರು, ಹಿರಿಯ ಮಗಳೂ ಬಂದಳು. ಇನ್ನೆಲ್ಲಿ ಮುಚ್ಚಿಡುವುದು? ಸಾಹುಕಾರ ತಲೆ ತಗ್ಗಿಸಿ ನಿಂತ. ಬೀಗಿತ್ತಿ ಆ ಹುಡುಗಿಯನ್ನು ನೋಡಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. "ನಮ್ಮ ಸಣ್ಣ ಮಗಾನೂ ಹಿಂಗ ಅದಾನ್ರಿ. ನೀವು ಬಂದ ದಿನ ಅವನ್ನ ಅಟ್ಟದ ಮ್ಯಾಲೆ ಕುಂದ್ರಿಸಿದ್ವಿ."

ಕೇಳಿದಿರಾ? ಇವರು ಅವರಿಗೆ ಹೆದರಿ ಬಚ್ಚಿಟ್ಟರು, ಅವರು ಇವರಿಗೆ ಹೆದರಿ ಬಚ್ಚಿಟ್ಟರು. ನಡುವೆ ಒಂದು ಜೀವ ಹೋಯಿತು.

ಆ ಹುಡುಗಿ ಅಳಲಿಲ್ಲ. ಅಳಲಿಲ್ಲ ಎಂದು ಹೆಂಗಸರು ಗುಸುಗುಸು ಮಾತಾಡಿಕೊಂಡರು. ಅವಳು ಖಾಲಿ ಮಂಚದ ಪಕ್ಕ ಕೂತು ಕಾದಳು, ಸಂಜೆಯವರೆಗೆ ಕಾದಳು. ಆಮೇಲೆ ಎದ್ದು ಬಂದು, "ಅಪ್ಪಾ, ಆಯಿ ಎತ್ತಿನ ಸುದ್ದಿ ಕೇಳವಲ್ಲಳು" ಎಂದಳು. ಸಾಹುಕಾರ ಅವಳ ಮುಂದೆಯೇ ನೆಲಕ್ಕೆ ಕುಸಿದು ಕೂತ.

ಈ ಕಥೆ ಕೇಳಿ ಅಯ್ಯೋ ಅಂದು ಮನೆಗೆ ಹೋಗಬೇಡಿ. ಅಜ್ಜಿಗೆ ಆಸರೆಯಾದಳು, ಅದಕ್ಕೇ ಅವಳಿಗೆ ಬೆಲೆ ಎಂದೂ ತಿಳಿಯಬೇಡಿ. ಯಾರಿಗೂ ಆಸರೆಯಾಗದೆ ಸುಮ್ಮನೆ ಕೂತಿದ್ದರೂ ಅವಳು ಆ ಮನೆಯ ಮಗಳೇ. ಮನುಷ್ಯರೆಲ್ಲ ನಮ್ಮ ಹಾಗೇ ಬೇಸರಪಡುವವರು, ಅವಸರದವರು ಆಗಿಬಿಟ್ಟರೆ, ಬೇಸರವಿಲ್ಲದೆ ಜೊತೆಗಿರುವವರನ್ನು ಎಲ್ಲಿಂದ ತರುತ್ತೀರಿ?

ಇವತ್ತು ಮನೆಗೆ ಹೋಗಿ, ಇಂಥ ಮಗುವನ್ನು ಬಚ್ಚಿಟ್ಟ ಕೋಣೆಯ ಬಾಗಿಲು ತೆಗೆಯಿರಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎಂದು ಮಗುವನ್ನು ಹಿಂಸಿಸಬೇಡಿ. ಅದಕ್ಕೆ ಸದ್ದು ಆಗಿಬರದಿದ್ದರೆ ನಿಮ್ಮ ಟಿವಿಯ ದನಿ ಸಣ್ಣದು ಮಾಡಿ, ಆದರೆ ಪಂಕ್ತಿಯಲ್ಲಿ ಅದಕ್ಕೂ ಒಂದು ಎಲೆ ಹಾಕಿ. ನಾಳೆ ಬೀಗರು ಬಂದಾಗ ಮೊದಲು ಆ ಮಗುವಿನ ಹೆಸರು ಹೇಳಿ, ನಮ್ಮದು ಎನ್ನಿ. ಸಂಬಂಧ ಮುರಿದರೆ ಮುರಿಯಲಿ. ಮುರಿಯಬಾರದ ಸಂಬಂಧ ನಿಮ್ಮ ಮನೆಯೊಳಗೇ ಇದೆ.