ಹಾಜರಿಯಲ್ಲಿದ್ದೂ ಕಾಣೆಯಾದ ಲಕ್ಕಪ್ಪನ ಬಗ್ಗೆ

ಹೆಸರು: ರಂಗಮ್ಮ, ಗಂಡನ ಹೆಸರು ಲಕ್ಕಪ್ಪ. ವಯಸ್ಸು: ಸುಮಾರು 37 ವರ್ಷ. ಕಸುಬು: ಗಾರೆ ಕೆಲಸದ ಕೂಲಿ. ಸ್ವಂತ ಊರು ಬಾಣಾವರದ ಹತ್ತಿರ. ಹಾಲಿ ವಾಸ: ಹುಲಿಕೆರೆಯ ಹೊರಗೆ ಕಟ್ಟುತ್ತಿರುವ ಸರ್ಕಾರಿ ಆಸ್ಪತ್ರೆಯ ಪಕ್ಕದ ಕೂಲಿಯವರ ಶೆಡ್ಡು.

ಠಾಣೆಗೆ ಎರಡನೇ ಸಲ ಖುದ್ದಾಗಿ ಬಂದು ತಿಳಿಸುವುದೇನೆಂದರೆ, ನಾನು ಮತ್ತು ನನ್ನ ಗಂಡ ಮೇಸ್ತ್ರಿ ಚನ್ನಪ್ಪನವರ ಗ್ಯಾಂಗಿನಲ್ಲಿ ದುಡಿಯುತ್ತೇವೆ. ನಮಗೆ ಮಕ್ಕಳಿಲ್ಲ. ಈ ಗ್ಯಾಂಗಿನಲ್ಲಿ ಒಂಟಿ ಆಳನ್ನು ಇಟ್ಟುಕೊಳ್ಳುವುದಿಲ್ಲ. ಗಂಡ ಹೆಂಡತಿ ಸೇರಿ ಒಂದು ಜೋಡಿ. ಜೋಡಿಯ ಕೂಲಿಯನ್ನು ಗಂಡಸಿನ ಕೈಗೆ ಕೊಡುತ್ತಾರೆ. ಬೆಳಿಗ್ಗೆ ಹಾಜರಿಗೆ ಮೇಸ್ತ್ರಿ ಗಂಡಸರ ಹೆಸರನ್ನಷ್ಟೇ ಕೂಗುತ್ತಾರೆ. ಗಂಡ ದೂರದಲ್ಲಿದ್ದರೆ ಹೆಂಡತಿಯೇ "ಜೋಡಿ ಐತೆ" ಎಂದರೆ ಸಾಕು, ಇಬ್ಬರಿಗೂ ಹಾಜರಿ ಬೀಳುತ್ತದೆ.

ಫೆಬ್ರವರಿ ಮೊದಲ ವಾರದಲ್ಲಿ ಸಿಮೆಂಟು ಇಡುವ ಕೋಣೆಯ ಗೋಡೆಗೆ ಗುತ್ತಿಗೆದಾರರು ಒಂದು ಬೋರ್ಡು ಹೊಡೆಸಿದರು. ಸರ್ಕಾರಿ ಕಟ್ಟಡವಾದ್ದರಿಂದ ಹಾಕಲೇಬೇಕಂತೆ. ನನಗೆ ಓದು ಬರುವುದಿಲ್ಲ. ನನ್ನ ಗಂಡ ಅಕ್ಷರ ಕೂಡಿಸಿ ಓದಿದರು. ಸರ್ಕಾರ ಗೊತ್ತುಮಾಡಿದ ಕೂಲಿ ಹೆಣ್ಣಾಳಿಗೂ ಗಂಡಾಳಿಗೂ ಒಂದೇ, ಅವರವರದು ಅವರವರಿಗೇ ಕೊಡಬೇಕು ಎಂದು ಬರೆದಿದೆಯೆಂದು ಹೇಳಿದರು. "ನಿನ್ ಕೂಲಿ ನಿನ್ ಕೈಗೇ ಬರಬೇಕಂತೆ ಕಣೇ" ಎಂದರು. ಹಾಗಾದರೆ ನಿಮ್ಮ ಬೀಡಿಗೆ ಯಾರು ಕೊಡುತ್ತಾರೆ ಎಂದು ನಾನು ರೇಗಿಸಿದೆ. ಅವರು ನಗಲಿಲ್ಲ. ಮೇಸ್ತ್ರಿಯನ್ನು ಕೇಳಿದ್ದಕ್ಕೆ, ಬೋರ್ಡು ಇರುವುದು ನೋಡುವುದಕ್ಕೆ ಎಂದು ಮೇಸ್ತ್ರಿ ಹೇಳಿದರಂತೆ.

ದಿನಾಂಕ 11-02-2002ರ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನನ್ನ ಗಂಡ ಅರಸೀಕೆರೆಗೆ ಹೊರಟರು. ಕೂಲಿಯ ವಿಚಾರ ನೋಡುವ ಕಚೇರಿಯಲ್ಲಿ ಒಂದು ಮಾತು ಕೇಳಿಕೊಂಡು ಸಂಜೆಯೊಳಗೆ ಬರುವುದಾಗಿ ತಿಳಿಸಿದರು. ಬಸ್ಸು ಹಿಡಿಯಲು ಹಳೇಬೀಡಿನ ಕಡೆ ನಡೆದು ಹೋಗುವುದನ್ನು ನೋಡಿದೆ. ಆಮೇಲೆ ನೋಡಿಲ್ಲ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಲಕ್ಕಪ್ಪ ಎಂದು ಕೂಗಿದಾಗ ನಾನು "ಜೋಡಿ ಐತೆ" ಎಂದೆ. ಇಲ್ಲ ಎಂದಿದ್ದರೆ ಅಂದೇ ಗಂಟುಮೂಟೆ ಕಟ್ಟಬೇಕಿತ್ತು. ಶೆಡ್ಡು ಬಿಟ್ಟು ಹೋದರೆ, ಅವರು ಬಂದಾಗ ನನ್ನನ್ನು ಎಲ್ಲಿ ಹುಡುಕುತ್ತಾರೆ ಎಂಬುದು ನನ್ನ ಭಯ. ದಿನವೂ ಹಾಗೆಯೇ ಹೇಳುತ್ತಾ ಬಂದೆ. ಕಲಸುವುದನ್ನೂ ಹೊರುವುದನ್ನೂ ಒಬ್ಬಳೇ ಮಾಡಿದೆ. ಎರಡು ಮುದ್ದೆ ಕಟ್ಟುತ್ತಿದ್ದೆ, ಒಂದು ಉಳಿಯುತ್ತಿತ್ತು. ಮೇಸ್ತ್ರಿಗೆ ಎಲ್ಲವೂ ತಿಳಿದಿತ್ತು. ಕೆಲಸ ನಡೆಯುತ್ತಿದ್ದುದರಿಂದ ಸುಮ್ಮನಿದ್ದರು.

ದಿನಾಂಕ 19ರಂದು ಮಧ್ಯಾಹ್ನ ಕಾರ್ಮಿಕ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದರು. ಬೋರ್ಡಿನಲ್ಲಿರುವಂತೆ ಪ್ರತಿಯೊಬ್ಬರಿಗೂ ಕೂಲಿ ಸಿಗುತ್ತಿದೆಯೇ ಎಂದು ಹೆಸರು ಹಿಡಿದು ವಿಚಾರಿಸಿದರು. ನನ್ನ ಗಂಡನ ಹೆಸರು ಬಂದಾಗ ಮೇಸ್ತ್ರಿ ತನ್ನ ಭಾಮೈದ ಪುಟ್ಟಸ್ವಾಮಿಯನ್ನು ನನ್ನ ಪಕ್ಕಕ್ಕೆ ನೂಕಿದರು. ಆತ ನಾನೇ ಲಕ್ಕಪ್ಪ ಎಂದ. ಸಾಹೇಬರು ನನ್ನ ಕಡೆ ತಿರುಗಿ, "ಇವರು ನಿಮ್ಮ ಯಜಮಾನರೇನಮ್ಮಾ?" ಎಂದು ಕೇಳಿದರು. ಮೇಸ್ತ್ರಿ ಅವರ ಬೆನ್ನ ಹಿಂದೆ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಎಂಟು ದಿನದಲ್ಲಿ ನನ್ನ ಗಂಡನ ಬಗ್ಗೆ ನನ್ನನ್ನು ಕೇಳಿದವರು ಅವರೊಬ್ಬರೇ. ಅವರಿಗೇ ಸುಳ್ಳು ಹೇಳಿದೆ.

ಅದೇ ದಿನ ಸಂಜೆ ಈ ಠಾಣೆಗೆ ಬಂದು ಗಂಡ ಕಾಣೆಯಾಗಿದ್ದಾರೆಂದು ಹೇಳಿದೆ. ಠಾಣೆಯವರು ಸೈಟಿಗೆ ಹೋಗಿ ವಿಚಾರಿಸಿ ಬಂದರು. ಹಾಜರಿಯಲ್ಲಿ ಲಕ್ಕಪ್ಪ ದಿನವೂ ಇದ್ದಾನೆ, ಇಲಾಖೆಯವರ ಮುಂದೆಯೂ ನಿಂತಿದ್ದಾನೆ, ನೀನೇ ಗುರುತಿಸಿದ್ದೀಯೆ, ಹಾಗಿದ್ದ ಮೇಲೆ ಕಾಣೆಯಾದವನು ಯಾರು ಎಂದು ಕೇಳಿದರು. ಅದಕ್ಕೇ ಈ ದಿನ ಇಷ್ಟೆಲ್ಲ ಬಿಡಿಸಿ ಹೇಳುತ್ತಿದ್ದೇನೆ. ಸರ್ಕಾರದ ಲೆಕ್ಕದಲ್ಲಿ ಇರುವವರು ನನ್ನ ಗಂಡ ಅಲ್ಲ.

ನಿನ್ನೆ ಮೇಸ್ತ್ರಿ ಶೆಡ್ಡಿಗೆ ಬಂದು, ಹೀಗೆ ಹೇಳಿಕೆ ಕೊಟ್ಟರೆ ಆಸ್ಪತ್ರೆ ಕೆಲಸವೇ ನಿಲ್ಲುತ್ತದೆ, ಉಳಿದ ಜೋಡಿಗಳ ಹೊಟ್ಟೆಗೆ ಮಣ್ಣು ಬೀಳುತ್ತದೆ ಎಂದರು. "ನಿನ್ ಗಂಡ ಬತ್ತಾನೆ, ನೀನು ಬಾಯ್ಮುಚ್ಕೊಂಡಿರು" ಎಂದರು. ಮಂಜುಳಾ ನನ್ನ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದವಳು. ನಿನ್ನೆಯಿಂದ ಆಚೆ ಬದಿಯಲ್ಲಿ ಬೇರೆ ಒಲೆ ಹೂಡಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಮೂವರು ಮಕ್ಕಳು.

ನನ್ನ ಗಂಡನ ಚಹರೆ: ಎಣ್ಣೆಗಪ್ಪು ಬಣ್ಣ, ಸಾಧಾರಣ ಎತ್ತರ. ಎಡಗಾಲಿನ ಹೆಬ್ಬೆರಳಿಗೆ ಸೈಜುಗಲ್ಲು ಬಿದ್ದು ಉಗುರಿಲ್ಲ. ಹೊರಡುವಾಗ ನೀಲಿ ಗೀಟಿನ ಅಂಗಿ, ಖಾಕಿ ಚಡ್ಡಿ, ಮೇಲೆ ಬಿಳಿ ಪಂಚೆ. ನಗುವಾಗ ಬಾಯಿಗೆ ಟವೆಲ್ಲು ಅಡ್ಡ ಹಿಡಿಯುತ್ತಾರೆ. ಠಾಣೆಯವರು ಇದು ಬೇಡ ಎಂದರು, ನಾನು ಕೇಳಿಕೊಂಡ ಮೇಲೆ ಬರೆದುಕೊಂಡಿದ್ದಾರೆ.

ಮುಂದೆ ಕರೆಸಬೇಕಾದರೆ ವಿಳಾಸ ಯಾವುದು ಎಂದು ಕೇಳಿದರು. ಈ ಹೇಳಿಕೆ ಕೊಟ್ಟ ಮೇಲೆ ನನಗೆ ಶೆಡ್ಡಿನಲ್ಲಿ ಜಾಗವಿಲ್ಲ. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಇರುತ್ತೇನೆ, ಅವರು ವಾಪಸ್ ಬರುವುದಾದರೆ ಅಲ್ಲೇ ಬಸ್ಸು ಹತ್ತಬೇಕು. ಯಾವ ಸುದ್ದಿ ಸಿಕ್ಕರೂ ಮೇಸ್ತ್ರಿಗೆ ಹೇಳಿ ಕಳುಹಿಸಬೇಡಿ. ಬದುಕಿದ್ದರೂ ಸರಿ, ಇಲ್ಲದಿದ್ದರೂ ಸರಿ, ಯಾರಾದರೂ ಅಲ್ಲಿಗೆ ಬಂದು ನನಗೇ ಹೇಳಬೇಕು.

ಬರೆದದ್ದನ್ನು ಓದಿ ಕೇಳಿಸಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಹಳೇಬೀಡು
ದಿನಾಂಕ: 21-02-2002

ರಂಗಮ್ಮ, ಎಡಗೈ ಹೆಬ್ಬೆಟ್ಟಿನ ಗುರುತು